ಆಟದ ಟಿಕೆಟ್ಟು ಯಾರ ಪಾಲು?

ಟಿಕೆಟ್ಟು ಎಂಬುದು ಬಹಳ ಸಣ್ಣ ವಸ್ತು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಸಣ್ಣದು. ಈಚೆಗೆ ಅದೂ ಇಲ್ಲ, ಮೊಬೈಲಿನ ಗಾಜಿನ ಮೇಲೆ ಮೂಡಿ ಮಾಯವಾಗುವ ಒಂದು ಗುರುತು ಅಷ್ಟೆ. ಆದರೆ ಬಾಗಿಲು ಒಂದು, ಒಳಗಿನ ಆಸನ ಸಾವಿರ, ಹೊರಗೆ ನಿಂತ ಜನ ಹತ್ತು ಸಾವಿರ ಎಂದಾದಾಗ ಈ ಸಣ್ಣ ವಸ್ತುವಿನ ಸುತ್ತ ನ್ಯಾಯಾನ್ಯಾಯದ ದೊಡ್ಡ ವಿಚಾರವೇ ಎದ್ದು ನಿಲ್ಲುತ್ತದೆ. ಯಾರು ಒಳಗೆ, ಯಾರು ಹೊರಗೆ? ಹಣವುಳ್ಳವನೊ, ಮೊದಲು ಬಂದವನೊ, ಅದೃಷ್ಟವಂತನೊ? ಈ ಹೊತ್ತು ನಿಮ್ಮೊಡನೆ ಆಡಬೇಕೆಂದಿರುವ ಮಾತು ಇದೇ. ಉದಾಹರಣೆಗೆ ಆರಿಸಿಕೊಂಡಿರುವುದು ಅಮೆರಿಕಾ ದೇಶದ ಕಾಲೇಜುಗಳ ಆಟದ ಅಂಗಳವನ್ನು. ಕನ್ನಡ ಪಂಡಿತನಿಗೆ ಅಮೆರಿಕಾದ ಆಟದ ಗೊಡವೆ ಏಕೆ ಎಂದು ನೀವು ಕೇಳಬಹುದು. ನಮ್ಮ ಊರುಗಳ ಎಷ್ಟೋ ಮನೆಯ ಮಕ್ಕಳು ಇಂದು ಆ ಕಾಲೇಜುಗಳಲ್ಲಿ ಓದುತ್ತಿದ್ದಾರೆ, ನನ್ನ ಬಳಿ ಹಳಗನ್ನಡ ವ್ಯಾಕರಣ ಕಲಿತ ಒಬ್ಬಿಬ್ಬರೂ ಅವರಲ್ಲಿದ್ದಾರೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಮಾತು ಮುಂದುವರಿದಂತೆ ತಾನಾಗಿ ತಿಳಿದೀತು.

ನಮ್ಮಲ್ಲಿ ಕಾಲೇಜು ಕಾಲೇಜುಗಳ ನಡುವಣ ಪಂದ್ಯವೆಂದರೆ ಸುಣ್ಣದ ಗೆರೆ ಎಳೆದ ಮೈದಾನ, ಬೇವಿನ ಮರದ ನೆರಳು, ಶಾಮಿಯಾನದ ಕೆಳಗೆ ನಾಲ್ಕು ಕುರ್ಚಿ. ನೋಡುವವರಿಗೆ ಟಿಕೆಟ್ಟೂ ಇಲ್ಲ, ತಡೆಯೂ ಇಲ್ಲ. ಅಲ್ಲಿ ಹಾಗಲ್ಲ. ಮಿಷಿಗನ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಕ್ರೀಡಾಂಗಣವನ್ನು ತೆರೆದದ್ದು ೧೯೨೭ರಲ್ಲಿ. ಇಂದು ಅದರೊಳಗೆ ಒಂದು ಲಕ್ಷದ ಏಳು ಸಾವಿರಕ್ಕೂ ಹೆಚ್ಚು ಮಂದಿ ಕೂಡುತ್ತಾರೆ. ಆನ್ ಆರ್ಬರ್ ಎಂಬ ಆ ಊರಿನ ಜನಸಂಖ್ಯೆಗೂ ಈ ಲೆಕ್ಕಕ್ಕೂ ಬಹಳ ಅಂತರವಿಲ್ಲ. (ಅವರು ಫುಟ್‌ಬಾಲ್ ಎಂದು ಕರೆಯುವುದು ಕಾಲಿಗಿಂತ ಕೈಯಲ್ಲಿ ಹೆಚ್ಚಾಗಿ ಆಡುವ ಆಟ. ಹೆಸರಿಗೂ ಅರ್ಥಕ್ಕೂ ಇಷ್ಟು ದೂರವಿರುವ ರೂಢಿ ಶಬ್ದ ನಮ್ಮ ನಿಘಂಟಿನಲ್ಲಿಯೂ ಅಪರೂಪ.) ಹಳೆಯ ವಿದ್ಯಾರ್ಥಿಗಳು ಬರುತ್ತಾರೆ, ದಾನಿಗಳು ಬರುತ್ತಾರೆ, ಊರಿನವರು ಬರುತ್ತಾರೆ, ಟೆಲಿವಿಷನ್ನಿನವರು ಹಣದ ಚೀಲವನ್ನೇ ಹೊತ್ತು ಬರುತ್ತಾರೆ. ಇಷ್ಟು ಜನ ಕೈಚಾಚಿರುವಾಗ ಅದೇ ಕಾಲೇಜಿನ ತರಗತಿಯಲ್ಲಿ ಕುಳಿತು ಓದುವ ಹುಡುಗನಿಗೆ ಎಷ್ಟು ಜಾಗ, ಎಲ್ಲಿ, ಯಾವ ಬೆಲೆಗೆ? ಕೈಚಾಚಿದವರಲ್ಲಿ ಅವನೇ ಬಡವ. ಆದರೆ ಆಡುವವರು ಅವನ ಸಹಪಾಠಿಗಳು. ಆಟಗಾರನ ಅಂಗಿಯ ಮೇಲೆ ಬರೆದಿರುವುದು ಅವನ ಕಾಲೇಜಿನ ಹೆಸರು.

ಈ ಪ್ರಶ್ನೆಗೆ ಅತ್ಯಂತ ವಿಚಿತ್ರವಾದ ಉತ್ತರ ಕೊಟ್ಟಿರುವುದು ನಾರ್ತ್ ಕೆರೊಲಿನಾ ಸಂಸ್ಥಾನದ ಡರಮ್ ಊರಿನಲ್ಲಿರುವ ಡ್ಯೂಕ್ ವಿಶ್ವವಿದ್ಯಾನಿಲಯ. ಅಲ್ಲಿಯ ಬ್ಯಾಸ್ಕೆಟ್‌ಬಾಲ್ ಮಂದಿರಕ್ಕೆ ಕ್ಯಾಮರನ್ ಒಳಾಂಗಣ ಕ್ರೀಡಾಂಗಣವೆಂದು ಹೆಸರು. ೧೯೪೦ರಲ್ಲಿ ತೆರೆದ ಕಲ್ಲಿನ ಕಟ್ಟಡ. ಹಿಡಿಯುವುದು ೯,೩೧೪ ಮಂದಿ ಮಾತ್ರ. ದೊಡ್ಡ ವಿಶ್ವವಿದ್ಯಾನಿಲಯಗಳ ಲೆಕ್ಕದಲ್ಲಿ ಇದು ಚಿಕ್ಕದೇ. ವಿಶೇಷವೆಂದರೆ, ಅಂಕಣದ ಅಂಚಿಗೆ ತಾಗಿದಂತಿರುವ ಹಲಗೆಯ ಸಾಲುಗಳು ವಿದ್ಯಾರ್ಥಿಗಳವು. ಬೇರೆ ಕಡೆ ಅಂಥ ಜಾಗಕ್ಕೆ ಚಿನ್ನದ ಬೆಲೆ. ಇಲ್ಲಿ ಹಣವಂತರು ಹೆಚ್ಚಾಗಿ ಮೇಲಂತಸ್ತಿನಲ್ಲಿ. ವಿದ್ಯಾರ್ಥಿಗಳು ಆಟಗಾರನ ಬೆವರು ಸಿಡಿಯುವಷ್ಟು ಹತ್ತಿರ. ಪದವಿ ತರಗತಿಯ ವಿದ್ಯಾರ್ಥಿ ಬಾಗಿಲಲ್ಲಿ ದುಡ್ಡು ಕೊಡಬೇಕಾಗಿಲ್ಲ, ಕಾಲೇಜಿನ ಗುರುತಿನ ಚೀಟಿ ತೋರಿಸಿದರೆ ಸಾಕು. ಸಾಲಿನಲ್ಲಿ ಮೊದಲು ನಿಂತವನಿಗೆ ಮೊದಲ ಜಾಗ. ಕೇಳುವುದಕ್ಕೆ ಎಷ್ಟು ಸರಳ!

ಸರಳವಾಗಿ ಉಳಿಯಲಿಲ್ಲ. ೧೯೮೬ರಲ್ಲಿ ನೆರೆಯ ನಾರ್ತ್ ಕೆರೊಲಿನಾ ವಿಶ್ವವಿದ್ಯಾನಿಲಯದ ತಂಡದೊಡನೆ ಪಂದ್ಯ ಬಂದಾಗ ಕೆಲವು ವಿದ್ಯಾರ್ಥಿಗಳು, ಬೆಳಗ್ಗೆ ಬಂದು ಸಾಲು ನಿಲ್ಲುವುದೇಕೆ, ಇಲ್ಲಿಯೇ ಮಲಗಿದರಾಯಿತಲ್ಲ ಎಂದು ಕ್ರೀಡಾಂಗಣದ ಮುಂದೆ ಗುಡಾರ ಹೊಡೆದರು. ಮುಂದಿನ ಪಂದ್ಯಗಳಿಗೆ ಗುಡಾರಗಳು ಹೆಚ್ಚಿದವು. ಹೆಚ್ಚಿ ಹೆಚ್ಚಿ ಒಂದು ಹಳ್ಳಿಯೇ ಆಯಿತು. ೧೯೮೦ರಿಂದ ೨೦೨೨ರ ವರೆಗೆ ಆ ತಂಡದ ತರಬೇತುದಾರರಾಗಿದ್ದ ಮೈಕ್ ಶಶೆಫ್‌ಸ್ಕಿಯವರ ಹೆಸರನ್ನೇ ಅದಕ್ಕೆ ಇಟ್ಟು ಶಶೆಫ್‌ಸ್ಕಿವಿಲ್ ಎಂದರು. ಹೇಳಲು ನಾಲಗೆ ತಡವರಿಸುವವರಿಗೆ ಕೆ-ವಿಲ್. ಆ ಮಹನೀಯರ ಹೆಸರು ಬರವಣಿಗೆಯಲ್ಲಿ 'ಕ'ಕಾರದಿಂದ ಮೊದಲಾಗುತ್ತದೆ, ಉಚ್ಚಾರದಲ್ಲಿ ಆ ಮೊದಲ 'ಕ'ಕಾರವೇ ಇಲ್ಲ. ನಮ್ಮ ಮಕ್ಕಳು ಅರ್ಕಾವೊತ್ತಿಗೆ ಹೆದರುವುದನ್ನು ನೆನೆದಾಗ ನನಗೆ ಸ್ವಲ್ಪ ಸಮಾಧಾನವೇ ಆಗುತ್ತದೆ.

ಜನವರಿಯ ಚಳಿಯಲ್ಲಿ ವಾರಗಟ್ಟಲೆ ಗುಡಾರವಾಸ. ಒಂದೊಂದು ಗುಡಾರಕ್ಕೆ ಹನ್ನೆರಡು ಮಂದಿಯ ತನಕ ಹೆಸರು ಕೊಡಬಹುದು. ಹಗಲು ಇಷ್ಟು ಮಂದಿ, ರಾತ್ರಿ ಇಷ್ಟು ಮಂದಿ ಅಲ್ಲಿರಲೇಬೇಕು ಎಂಬ ಕಟ್ಟಳೆ. ಮೊದಲೇ ಬಂದ ಗುಡಾರಕ್ಕೆ ಕಟ್ಟಳೆ ಬಿಗಿ, ತಡವಾಗಿ ಬಂದದ್ದಕ್ಕೆ ಸಡಿಲ. ಅದಕ್ಕೆ ತಕ್ಕಂತೆ ಕಪ್ಪು, ನೀಲಿ, ಬಿಳಿ ಎಂದು ಮೂರು ವರ್ಗ. ಸರದಿ ನೋಡಿಕೊಳ್ಳುವ ಮೇಲ್ವಿಚಾರಕರು ಕೂಡ ವಿದ್ಯಾರ್ಥಿಗಳೇ. ಅವರು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಹೆಸರು ಕರೆದು ಹಾಜರಿ ಹಿಡಿಯುತ್ತಾರೆ. ಒಮ್ಮೆ ತಪ್ಪಿದರೆ ಎಚ್ಚರಿಕೆ. ಮತ್ತೆ ತಪ್ಪಿದರೆ ಸಾಲಿನಲ್ಲಿದ್ದ ಜಾಗಕ್ಕೇ ಸಂಚಕಾರ. ಚಳಿ ಮಿತಿಮೀರಿದಾಗ, ಸಿಡಿಲು ಮಳೆ ಬಂದಾಗ ಎಲ್ಲರಿಗೂ ಬಿಡುವು. ಅದಕ್ಕೆ ಅವರು ಇಟ್ಟಿರುವ ಹೆಸರು 'ಕೃಪೆ'. ಗುಡಾರದೊಳಗೆ ದೀಪ ಹಿಡಿದು ಪಾಠ ಓದುತ್ತಾರಂತೆ. ಉಪಾಧ್ಯಾಯನಾದ ನನಗೆ ಈ ಕೊನೆಯ ಮಾತನ್ನು ನಂಬುವುದು ತುಸು ಕಷ್ಟ. ಆದರೆ ನಿಯಮಗಳನ್ನು ಬರೆದು ಮೊದಲೇ ಹೊರಡಿಸುತ್ತಾರೆ, ವರ್ಷ ವರ್ಷವೂ ತಿದ್ದುತ್ತಾರೆ ಎಂಬುದನ್ನು ಗಮನಿಸಬೇಕು. ಹರೆಯದ ಹುಡುಗರು ತಮಗೆ ತಾವೇ ವಿಧಿಸಿಕೊಂಡ ಧರ್ಮಶಾಸ್ತ್ರ ಅದು.

ನೆರೆಯ ತಂಡ ಎಂದೆನಲ್ಲ, ಅದರ ಊರು ಚಾಪೆಲ್ ಹಿಲ್. ಡ್ಯೂಕಿನಿಂದ ಸುಮಾರು ಹತ್ತು ಮೈಲಿ. ಅಲ್ಲಿ ಅದೇ ೧೯೮೬ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಯುವ ಹೊಸ ಮಂದಿರ ತೆರೆಯಿತು. ಕಟ್ಟಡದ ಹಣ ದಾನಿಗಳದು. ಆದ್ದರಿಂದ ಅಂಕಣಕ್ಕೆ ಹತ್ತಿರದ ಉತ್ತಮ ಆಸನಗಳ ಹಕ್ಕೂ ಬಹುಮಟ್ಟಿಗೆ ದಾನಿಗಳದೇ ಆಯಿತು. ವಿದ್ಯಾರ್ಥಿಗಳು ಗೊಣಗಿದರು, ಅವರ ಕೂಗು ಅಂಕಣದವರೆಗೆ ಇಳಿದು ಬರುವಷ್ಟರಲ್ಲಿ ತಣ್ಣಗಾಗುತ್ತದೆ ಎಂದು ನೋಡುವವರೂ ಆಡಿಕೊಂಡರು. ಇದು ನಮಗೆ ಹೊಸದೇನಲ್ಲ. ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಬಣ್ಣ ಹಚ್ಚಿಕೊಂಡು ಕುಣಿಯುವವಳು ಹಿಂದೆ ನಿಂತವರ ಮಗಳು. ಸೋಫಾದ ಮೇಲೆ ಕೂಡುವವರು ತಡವಾಗಿ ಬಂದು, ಹಾರ ಹಾಕಿಸಿಕೊಂಡು, ನಡುವೆಯೇ ಎದ್ದು ಹೋಗುವವರು. ಊಟದ ಎಲೆಯ ಮುಂದೆ ಹೀಗೆ ಮಾಡಿದರೆ ನಮ್ಮ ಹಿರಿಯರು ಪಂಕ್ತಿಭೇದ ಎನ್ನುತ್ತಿದ್ದರು, ಅದನ್ನು ಪಾಪಗಳ ಲೆಕ್ಕದಲ್ಲಿ ಸೇರಿಸುತ್ತಿದ್ದರು. ಆಟದ ಆಸನಕ್ಕೆ ಬಂದಾಗ ಮಾತ್ರ ಅದು ವ್ಯವಸ್ಥೆ ಎನ್ನಿಸಿಕೊಳ್ಳುತ್ತದೆ. ಚಾಪೆಲ್ ಹಿಲ್ಲಿನವರು ವಿದ್ಯಾರ್ಥಿಗಳ ಪಾಲಿಗೆ ಉಳಿದ ಜಾಗವನ್ನು ಲಾಟರಿಯಿಂದ ಹಂಚುವ ಪದ್ಧತಿಗೆ ಬಂದರು. ಹೆಸರು ಕೊಡಬೇಕು, ಚೀಟಿ ಎತ್ತಿದಂತೆ ಯಂತ್ರ ಹೆಸರು ಎತ್ತುತ್ತದೆ, ಬಂದವನಿಗೆ ಇಷ್ಟು ಹೊತ್ತಿಗೆ ಬಾಗಿಲಿಗೆ ಬಾ ಎಂಬ ಸೂಚನೆಯೂ ಬರುತ್ತದೆ. ಹೀಗೆ ಹತ್ತು ಮೈಲಿಯ ಅಂತರದಲ್ಲಿ ಒಂದೇ ಪಂದ್ಯಕ್ಕೆ ಎರಡು ಧರ್ಮ: ಒಂದು ಕಡೆ ತಪಸ್ಸು, ಇನ್ನೊಂದು ಕಡೆ ದೈವ.

ಯಾವುದು ನ್ಯಾಯ? ಇದನ್ನು ಸಾಮಾನ್ಯ ಜನರನ್ನೇ ಕೇಳಿ ನೋಡಿದವರಿದ್ದಾರೆ. ಡೇನಿಯಲ್ ಕಾನಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ವಿದ್ವಾಂಸರು ಕೆನಡಾ ದೇಶದ ನಾಗರಿಕರಿಗೆ ದೂರವಾಣಿಯಲ್ಲಿ ಪ್ರಶ್ನೆ ಹಾಕಿ, ಬಂದ ಉತ್ತರಗಳನ್ನು ೧೯೮೬ರಲ್ಲಿಯೇ ಪ್ರಕಟಿಸಿದರು. ಫುಟ್‌ಬಾಲ್ ಪಂದ್ಯವೊಂದಕ್ಕೆ ಟಿಕೆಟ್ಟು ಕಡಮೆ, ಕೇಳುವವರು ಹೆಚ್ಚು. ಹರಾಜು ಹಾಕಬೇಕೆ, ಲಾಟರಿ ಎತ್ತಬೇಕೆ, ಸಾಲಿನಲ್ಲಿ ನಿಂತವರಿಗೆ ಕೊಡಬೇಕೆ, ಇದರಲ್ಲಿ ಯಾವುದು ಎಲ್ಲಕ್ಕಿಂತ ನ್ಯಾಯ ಎಂದು ಕೇಳಿದಾಗ ನೂರಕ್ಕೆ ೬೮ ಮಂದಿ ಸಾಲೇ ನ್ಯಾಯವೆಂದರು. ೨೮ ಮಂದಿ ಲಾಟರಿಯೆಂದರು. ಹರಾಜನ್ನು ಎತ್ತಿಹಿಡಿದವರು ನಾಲ್ಕೇ ಮಂದಿ. ಅದೇ ಎಲ್ಲಕ್ಕಿಂತ ಅನ್ಯಾಯವೆಂದವರು ೭೫. ಹಣವನ್ನು ಇಷ್ಟೊಂದು ಪೂಜಿಸುತ್ತಾರೆಂದು ನಾವು ಭಾವಿಸಿರುವ ಖಂಡದಲ್ಲಿಯೂ ಜನರ ಮನಸ್ಸು ಸಾಲಿನ ಕಡೆಗೇ ವಾಲಿತು ಎಂಬುದು ನನಗೆ ಹಿತವಾದ ಸುದ್ದಿ. ದೇವಸ್ಥಾನದಲ್ಲಿ ಧರ್ಮದರ್ಶನದ ಸಾಲಿನಲ್ಲಿ ನಿಂತವರು ಪಕ್ಕದ ವಿಶೇಷ ದರ್ಶನದ ಸಾಲು ಬೇಗ ಬೇಗ ಸರಿಯುವುದನ್ನು ಯಾವ ಮುಖ ಮಾಡಿಕೊಂಡು ನೋಡುತ್ತಾರೆಂಬುದು ನಿಮಗೆ ಗೊತ್ತಷ್ಟೆ.

ಆದರೂ ಸಾಲನ್ನು ಸುಮ್ಮನೆ ಒಪ್ಪಿಕೊಳ್ಳುವಂತಿಲ್ಲ. ಸಾಲು ಹಣ ಕೇಳುವುದಿಲ್ಲ, ನಿಜ, ಹೊತ್ತು ಕೇಳುತ್ತದೆ. ಹೊತ್ತು ಎಲ್ಲರಿಗೂ ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ ಎಂದು ಮೇಲುನೋಟಕ್ಕೆ ತೋರುತ್ತದೆ. ಶುಲ್ಕ ಕಟ್ಟುವುದಕ್ಕಾಗಿ ಸಂಜೆ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ, ಊಟದ ಮನೆಯಲ್ಲಿ ತಟ್ಟೆ ತೊಳೆಯುವ ವಿದ್ಯಾರ್ಥಿಗೆ ಅದರಲ್ಲಿ ಎಷ್ಟು ಉಳಿಯುತ್ತದೆ? ಮೈಯಲ್ಲಿ ಸ್ವಸ್ಥವಿಲ್ಲದವನು ಚಳಿಯಲ್ಲಿ ಹೇಗೆ ಮಲಗುತ್ತಾನೆ? ಬಿಡುವೂ ಒಂದು ಬಗೆಯ ಐಶ್ವರ್ಯವೇ. ಅಷ್ಟು ವಾರಗಳ ಗುಡಾರವಾಸವನ್ನು ನಾನು ಮೆಚ್ಚುತ್ತೇನೆಯೇ ಹೊರತು ಅದೇ ಪರಮ ನ್ಯಾಯವೆಂದು ಹೇಳಲಾರೆ.

ಸರದಿಯ ಈ ತೊಡಕು ನಮಗೆ ಮಹಾಭಾರತದಷ್ಟು ಹಳೆಯದು. ಯುದ್ಧಕ್ಕೆ ನೆರವು ಕೇಳಲು ದ್ವಾರಕೆಗೆ ಮೊದಲು ಬಂದವನು ದುರ್ಯೋಧನ. ಕೃಷ್ಣ ಮಲಗಿದ್ದಾನೆ, ಇವನು ತಲೆಯ ಕಡೆ ಪೀಠದಲ್ಲಿ ಕುಳಿತ. ಆಮೇಲೆ ಬಂದ ಅರ್ಜುನ ಕಾಲ ಕಡೆ ಕೈಮುಗಿದು ನಿಂತ. ಎಚ್ಚತ್ತ ಕೃಷ್ಣನ ಕಣ್ಣಿಗೆ ಮೊದಲು ಬಿದ್ದವನು ಅರ್ಜುನ. ಮೊದಲು ಬಂದವನು ನಾನು ಎಂದು ದುರ್ಯೋಧನ ವಾದಿಸಿದ. ನೀನು ಮೊದಲು ಬಂದೆ, ಇವನನ್ನು ನಾನು ಮೊದಲು ಕಂಡೆ, ಕಿರಿಯನು ಮೊದಲು ಆರಿಸಿಕೊಳ್ಳಲಿ ಎಂದ ಕೃಷ್ಣ. ತರಗತಿಯಲ್ಲಿ ಈ ಪ್ರಸಂಗ ಹೇಳಿದಾಗಲೆಲ್ಲ ಒಬ್ಬನಾದರೂ ಹುಡುಗ ಎದ್ದು ನಿಂತು, ಸಾರ್, ಸಾಲಿನಲ್ಲಿ ಮೊದಲು ಬಂದವನು ದುರ್ಯೋಧನನೇ ಅಲ್ಲವೆ ಎಂದು ಕೇಳಿಯೇ ಕೇಳುತ್ತಾನೆ. ಪ್ರಶ್ನೆ ಸಹಜವಾದದ್ದು. ಸರದಿಯ ನಿಯಮ ಇಬ್ಬರೂ ಬಂದು ನಿಂತ ಮೇಲೆ ಹುಟ್ಟಿತು. ದುರ್ಯೋಧನ ಉಳಿದ ಪಾಲಾದ ನಾರಾಯಣ ಸೈನ್ಯವನ್ನೇ ಬಯಸಿದ್ದವನಾದ್ದರಿಂದ ಜಗಳವಾಗಲಿಲ್ಲ, ಸಂತೋಷದಿಂದಲೇ ಹೋದ. ಭಗವಂತನ ಲೀಲೆಗೆ ಮೊದಲೇ ಬರೆದ ನಿಯಮ ಬೇಕಾಗಿಲ್ಲ. ಟಿಕೆಟ್ಟು ಕೊಡುವ ಕಿಟಕಿಗೆ ಬೇಕು.

ಇನ್ನು ಲಾಟರಿ. ಅದು ಹಣವನ್ನೂ ಕೇಳುವುದಿಲ್ಲ, ಹೊತ್ತನ್ನೂ ಕೇಳುವುದಿಲ್ಲ. ಆದರೆ ಅದು ಮನುಷ್ಯನ ಮನಸ್ಸಿನಲ್ಲಿ ಒಂದು ಆಟ ಆಡುತ್ತದೆ. ಡ್ಯೂಕಿನ ಬ್ಯಾಸ್ಕೆಟ್‌ಬಾಲ್ ಟಿಕೆಟ್ಟಿನ ಲಾಟರಿಯಲ್ಲಿ ಹೆಸರು ಕೊಟ್ಟಿದ್ದ ವಿದ್ಯಾರ್ಥಿಗಳನ್ನು ಜಿವ್ ಕಾರ್ಮನ್, ಡ್ಯಾನ್ ಏರಿಯಲಿ ಎಂಬ ಇಬ್ಬರು ವಿದ್ವಾಂಸರು ವಿಚಾರಿಸಿ ೨೦೦೦ದಲ್ಲಿ ಒಂದು ಪ್ರಬಂಧ ಬರೆದರು. ಟಿಕೆಟ್ಟು ಬರದಿದ್ದವರನ್ನು, ಎಷ್ಟು ಕೊಟ್ಟು ಕೊಳ್ಳುವಿರಿ ಎಂದು ಕೇಳಿದರೆ ಸರಾಸರಿ ಸುಮಾರು ೧೭೦ ಡಾಲರ್ ಎಂದರು. ಟಿಕೆಟ್ಟು ಬಂದಿದ್ದವರನ್ನು, ಎಷ್ಟಕ್ಕೆ ಮಾರುವಿರಿ ಎಂದು ಕೇಳಿದರೆ ಸುಮಾರು ೨,೪೦೦ ಡಾಲರ್! ಹದಿನಾಲ್ಕು ಪಟ್ಟು. ಲಾಟರಿ ಎತ್ತುವ ಹಿಂದಿನ ದಿನ ಇಬ್ಬರಲ್ಲಿಯೂ ಭೇದವಿರಲಿಲ್ಲ. ಒಂದೇ ತರಗತಿ, ಒಂದೇ ಹಂಬಲ. ಬರದಿದ್ದವನು ಆ ದುಡ್ಡಿನಲ್ಲಿ ಬೇರೆ ಏನೇನು ಕೊಳ್ಳಬಹುದೆಂದು ಲೆಕ್ಕ ಹಾಕಿದ. ಬಂದವನು ಪಂದ್ಯ ನೋಡಿದ ನೆನಪನ್ನು ಮುಂದೆ ಮಕ್ಕಳಿಗೆ ಮೊಮ್ಮಕ್ಕಳಿಗೆ ಹೇಳುವುದನ್ನು ನೆನೆದ. ಬೇಡುವವನ ಕಣ್ಣಿಗೆ ಸರಕಾಗಿದ್ದದ್ದು ಪಡೆದವನ ಕೈಯಲ್ಲಿ ಸಂಪತ್ತಾಯಿತು.

ಇದು ಬರಿಯ ತಮಾಷೆಯ ಲೆಕ್ಕವಲ್ಲ. ಟಿಕೆಟ್ಟಿನ ಅಧಿಕಾರಿ ತಿಳಿದಿರಬೇಕಾದ ಸಂಗತಿ. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಕೇಳಿದರೆ, ಇದ್ದ ಜಾಗವನ್ನು ಕದಲಿಸಿದರೆ, ಕಳೆದುಕೊಂಡವನಿಗಾಗುವ ನೋವು ಅದರ ಬೆಲೆಗಿಂತ ಹಲವು ಪಟ್ಟು. ಮಿಷಿಗನ್ನಿನವರು ಇದನ್ನು ೨೦೧೩ರಲ್ಲಿ ಕಲಿತರು.

ಮಿಷಿಗನ್ ವಿದ್ಯಾರ್ಥಿಗಳಿಗೆ ಅದುವರೆಗೆ ಹಿರಿತನದ ಮೇಲೆ ಗೊತ್ತಾದ ಆಸನಗಳಿದ್ದವು. ಮೊದಲ ವರ್ಷದವನು ಹಿಂದೆ, ಕೊನೆಯ ವರ್ಷದವನು ಮುಂದೆ. ಕಾಯ್ದರೆ ಎಲ್ಲರಿಗೂ ಒಂದು ದಿನ ಮುಂದಿನ ಸಾಲು. ಆದರೆ ಗೊತ್ತಾದ ಜಾಗ ಎಲ್ಲಿಗೆ ಓಡಿಹೋಗುತ್ತದೆ ಎಂದು ಹುಡುಗರು ನಿಧಾನವಾಗಿ ಬರುತ್ತಿದ್ದರು. ಆಟ ಮೊದಲಾದಾಗ ಅವರ ಭಾಗ ಹಲ್ಲುಬಿದ್ದ ಬಾಯಿಯಂತೆ ಕಾಣುತ್ತಿತ್ತು. ಟೆಲಿವಿಷನ್ನಿನಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲ. ಅಧಿಕಾರಿಗಳು ಹಳೆಯ ಕ್ರಮ ತೆಗೆದು, ಮೊದಲು ಬಂದವರಿಗೆ ಮುಂದಿನ ಜಾಗ ಎಂದು ಸಾರಿದರು. ಅದೇ ವರ್ಷ ಋತುವಿನ ಟಿಕೆಟ್ಟಿನ ಬೆಲೆಯನ್ನೂ ೨೯೫ ಡಾಲರಿಗೆ ಏರಿಸಿದರು. ಮೂರು ವರ್ಷ ಹಿಂದೆ ಕುಳಿತು ಮುಂದಿನ ಸಾಲಿಗೆ ಕಾಯ್ದಿದ್ದ ಹಿರಿಯ ವಿದ್ಯಾರ್ಥಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಅವನ ಎಲೆಗೆ ಹೋಳಿಗೆ ಬಡಿಸುವ ಹೊತ್ತಿಗೆ ಪಂಕ್ತಿಯನ್ನೇ ಎಬ್ಬಿಸಿದಂತಾಯಿತು.

ಆಮೇಲೆ ನಡೆದದ್ದು ಮೆಚ್ಚತಕ್ಕ ಸಂಗತಿ. ವಿದ್ಯಾರ್ಥಿಗಳ ಸಂಘದವರು ಬರಿಯ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. ಪ್ರಶ್ನಾವಳಿ ಸಿದ್ಧಪಡಿಸಿ ವಿದ್ಯಾರ್ಥಿಗಳನ್ನು ಕೇಳಿದರು. ಹೊಸ ಪದ್ಧತಿ ಬೇಡವೆಂದವರೇ ಹೆಚ್ಚು. ಅಂಕಿಸಂಖ್ಯೆಗಳನ್ನು ಹಿಡಿದುಕೊಂಡು ಅಧಿಕಾರಿಗಳೊಡನೆ ಕುಳಿತರು. ಇಬ್ಬರೂ ಸೇರಿ ೨೦೧೪ಕ್ಕೆ ಬೇರೊಂದು ಕ್ರಮ ಕಟ್ಟಿದರು: ಆಸನ ಗೊತ್ತಾಗಿಯೇ ಇರಬೇಕು, ಆದರೆ ಹಿಂದಿನ ವರ್ಷ ಪಂದ್ಯಗಳಿಗೆ ತಪ್ಪದೆ ಬಂದವನಿಗೆ ಮುಂದಿನ ಜಾಗ. ಬರುವವನಿಗೆ ಆದರ, ಬಾರದವನಿಗೆ ಹಿಂದಿನ ಸಾಲು. ಎರಡು ಕಡೆಯವರ ದೂರಿಗೂ ಅದರಲ್ಲಿ ಉತ್ತರವಿತ್ತು. ಅಷ್ಟರಲ್ಲಿ ಒಲವು ಕೆಟ್ಟಿತ್ತು. ತಂಡವೂ ಸೋಲುತ್ತಿತ್ತು, ಒಳ್ಳೆಯ ಎದುರಾಳಿಗಳು ಆ ವರ್ಷ ಊರಿಗೆ ಬರುವಂತಿರಲಿಲ್ಲ. ಹತ್ತೊಂಬತ್ತು ಸಾವಿರದ ಆಸುಪಾಸಿನಲ್ಲಿದ್ದ ವಿದ್ಯಾರ್ಥಿ ಟಿಕೆಟ್ಟುಗಳ ಮಾರಾಟ ಸುಮಾರು ಹನ್ನೆರಡು ಸಾವಿರಕ್ಕೆ ಇಳಿಯಿತು. ೨೦೧೫ಕ್ಕೆ ಬೆಲೆಯನ್ನು ೧೭೫ ಡಾಲರಿಗೆ ಇಳಿಸಬೇಕಾಯಿತು. ಕೇಳಿ ಮಾಡಬೇಕಾದ್ದನ್ನು ಮಾಡಿ ಕೇಳಿದರೆ ಇಷ್ಟು ಖರ್ಚು ಬೀಳುತ್ತದೆ.

ಅಲಬಾಮಾ ವಿಶ್ವವಿದ್ಯಾನಿಲಯದವರ ತೊಂದರೆ ಇನ್ನೊಂದು ಬಗೆಯದು. ಅವರ ತಂಡ ಎಷ್ಟು ಬಲಶಾಲಿಯಾಗಿತ್ತೆಂದರೆ, ಅರ್ಧ ಆಟಕ್ಕೇ ಗೆಲವು ಗೊತ್ತಾಗಿ ಹುಡುಗರು ಎದ್ದು ಹೋಗಿಬಿಡುತ್ತಿದ್ದರು. ೨೦೧೯ರಲ್ಲಿ ಮೊಬೈಲಿನೊಳಗೆ ಒಂದು ಏರ್ಪಾಟು ತಂದರು. ವಿದ್ಯಾರ್ಥಿ ಕ್ರೀಡಾಂಗಣದಲ್ಲಿದ್ದಾನೆಯೆ ಎಂದು ಅವನ ಮೊಬೈಲೇ ಹೇಳುತ್ತದೆ. ಪಂದ್ಯಕ್ಕೆ ಬಂದರೆ ೧೦೦ ಅಂಕ, ನಾಲ್ಕನೆಯ ಪಾದದವರೆಗೆ ಕುಳಿತರೆ ಇನ್ನೂ ೨೫೦. ಅಂಕ ಹೆಚ್ಚಿದವನಿಗೆ ಮುಂದಿನ ದೊಡ್ಡ ಪಂದ್ಯಗಳ ಟಿಕೆಟ್ಟಿನಲ್ಲಿ ಮೇಲುಗೈ. ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದವನಾಗಿ ನಾನೊಂದು ಮಾತು ಹೇಳಬಹುದು. ಹಾಜರಿಯಿಂದ ದೇಹವನ್ನು ಕೂಡಿಸಬಹುದು. ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುವವನಿಗೂ ನಾನು ದಿನವೂ ಹಾಜರಿ ಕೊಡುತ್ತಿದ್ದೇನೆ. ಹುಡುಗ ಎಲ್ಲಿದ್ದಾನೆಂದು ಅವನ ಜೇಬಿನಲ್ಲಿರುವ ಯಂತ್ರದಿಂದ ಕೇಳಿ ತಿಳಿಯುವುದು ನನಗೆ ಅಷ್ಟಾಗಿ ರುಚಿಸಲಿಲ್ಲ. ಅಲ್ಲಿಯೂ ಕೆಲವರಿಗೆ ರುಚಿಸಲಿಲ್ಲ.

ಇಷ್ಟರವರೆಗೆ ಹೇಳಿದ್ದೆಲ್ಲ ಆಸನ ಸಿಗುವ, ಸಿಗದಿರುವ ಮಾತು. ಸಿಗದಿದ್ದರೆ ಬೇಸರ, ಮಾರನೆಯ ದಿನ ಮರೆವು. ಆದರೆ ಟಿಕೆಟ್ಟಿನ ಅವ್ಯವಸ್ಥೆ ಬೇಸರದಲ್ಲಿ ಮುಗಿಯದ ಸಂದರ್ಭಗಳಿವೆ. ೧೯೯೧ರ ಡಿಸೆಂಬರ್ ೨೮ರಂದು ನ್ಯೂಯಾರ್ಕಿನ ಸಿಟಿ ಕಾಲೇಜಿನ ವ್ಯಾಯಾಮ ಶಾಲೆಯಲ್ಲಿ ಸಹಾಯಾರ್ಥವಾಗಿ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯ ಏರ್ಪಟ್ಟಿತ್ತು. ಆಡುವವರು ಕಾಲೇಜಿನವರಲ್ಲ, ಹೆಸರಾಂತ ಹಾಡುಗಾರರು. ಒಳಗೆ ೨,೭೩೦ ಮಂದಿಗೆ ಜಾಗ. ಹೊರಗೆ ನೆರೆದವರು ಸುಮಾರು ಐದು ಸಾವಿರ. ಟಿಕೆಟ್ಟು ಇದ್ದವರು, ಇಲ್ಲದವರು, ಬಾಗಿಲಲ್ಲಿ ಕೊಳ್ಳುವೆವೆಂದು ಬಂದವರು, ಎಲ್ಲರೂ ಬೆರೆತು ನೂಕಿದರು. ಮೆಟ್ಟಿಲಿಳಿದು ಹೋಗುವ ದಾರಿಯ ತುದಿಯಲ್ಲಿ ಬಾಗಿಲು ಮುಚ್ಚಿತ್ತು. ಹಿಂದಿದ್ದವರಿಗೆ ಮುಂದೇನಿದೆ ಎಂದು ಕಾಣದು. ಒಂಬತ್ತು ಮಂದಿ ಸತ್ತರು. ೧೯೯೩ರ ಅಕ್ಟೋಬರ್ ೩೦ರಂದು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಪಂದ್ಯ ಮುಗಿದಾಗ ವಿದ್ಯಾರ್ಥಿಗಳ ಭಾಗದಿಂದ ಜನ ಅಂಗಳಕ್ಕೆ ನುಗ್ಗಿ, ಮುಂದಿದ್ದವರು ಕಂಬಿಗಳಿಗೆ ಒತ್ತಿಹೋಗಿ ೭೦ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಗೆದ್ದ ಆಟಗಾರರೇ ಓಡಿಬಂದು ಕೆಳಗೆ ಸಿಕ್ಕಿದ್ದವರನ್ನು ಎಳೆದು ತೆಗೆದರು. ದೈವವಶಾತ್ ಯಾರೂ ಸಾಯಲಿಲ್ಲ.

ಇನ್ನೊಂದು ತಾರೀಖನ್ನು ನಾನು ಹೇಳದೆಯೇ ನೀವು ನೆನೆಯುತ್ತಿದ್ದೀರಿ. ೨೦೨೫ರ ಜೂನ್ ೪, ಬೆಂಗಳೂರು, ಚಿನ್ನಸ್ವಾಮಿ ಕ್ರೀಡಾಂಗಣ. ಅದು ಕಾಲೇಜಿನ ಪಂದ್ಯವಲ್ಲ, ಪಂದ್ಯವೇ ಅಲ್ಲ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಗೆದ್ದ ಬೆಂಗಳೂರಿನ ಕ್ರಿಕೆಟ್ ತಂಡದ ವಿಜಯೋತ್ಸವ. ಒಳಗೆ ಸುಮಾರು ೩೫ ಸಾವಿರ ಮಂದಿಗೆ ಸ್ಥಳ, ಹೊರಗೆ ಬಂದವರು ಲಕ್ಷಗಟ್ಟಲೆ. ಪ್ರವೇಶ ಉಚಿತವೆಂಬ ಸುದ್ದಿಯೂ ಹರಡಿತ್ತು, ಪಾಸು ಬೇಕೆಂಬ ಸುದ್ದಿಯೂ ಹರಡಿತ್ತು. ಬಾಗಿಲುಗಳ ಮುಂದಿನ ನೂಕುನುಗ್ಗಲಲ್ಲಿ ಹನ್ನೊಂದು ಜೀವ ಹೋಯಿತು. ಸತ್ತವರಲ್ಲಿ ಹೆಚ್ಚಿನವರು ಎಳೆಯರು, ಓದುವ ವಯಸ್ಸಿನವರು. ಅಂದು ಸಂಜೆ ಸುದ್ದಿ ಕೇಳುತ್ತ ಕುಳಿತ ಎಷ್ಟು ಮನೆಗಳಲ್ಲಿ, ನಮ್ಮ ಹುಡುಗ ಎಲ್ಲಿದ್ದಾನೆ ಎಂದು ಮೊಬೈಲು ಒತ್ತಿದರೊ!

ಯಾರ ತಪ್ಪು ಎಂದು ತೀರ್ಮಾನಿಸುವುದು ನ್ಯಾಯಸ್ಥಾನದ ಕೆಲಸ, ನನ್ನದಲ್ಲ. ಆದರೆ ನ್ಯೂಯಾರ್ಕಿನ ಮೆಟ್ಟಿಲಿಗೂ ನಮ್ಮ ಕಬ್ಬನ್ ರಸ್ತೆಗೂ ಸಮಾನವಾದದ್ದೊಂದಿದೆ. ಹೊರಗೆ ನಿಂತವನಿಗೆ ತನ್ನ ಸರದಿ ಇದೆಯೆ, ಇದ್ದರೆ ಎಷ್ಟನೆಯದು ಎಂಬುದೇ ತಿಳಿದಿರಲಿಲ್ಲ. ಸರದಿ ತಿಳಿದವನು ನೂಕುವುದಿಲ್ಲ. ಜಾಗವಿಲ್ಲವೆಂದು ಮನೆಯಲ್ಲಿಯೇ ತಿಳಿದವನು ಮನೆ ಬಿಟ್ಟು ಬರುವುದೇ ಇಲ್ಲ. ಬಂದರೂ ದೂರದಲ್ಲಿ ನಿಂತು ಜಯಕಾರ ಹಾಕಿ ಹೋಗುತ್ತಾನೆ. ಡ್ಯೂಕಿನ ಹುಡುಗ ಚಳಿಯಲ್ಲಿ ನಡುಗುತ್ತಿದ್ದರೂ ತನ್ನ ಗುಡಾರ ಎಷ್ಟನೆಯದೆಂದು ಅವನಿಗೆ ಗೊತ್ತು. ಚಾಪೆಲ್ ಹಿಲ್ಲಿನವನಿಗೆ ತಾನು ಬಾಗಿಲಿಗೆ ಬರಬೇಕಾದ ಹೊತ್ತು ಗೊತ್ತು. ಸಾಲೊ, ಲಾಟರಿಯೊ ಎಂಬ ವಾದಕ್ಕಿಂತ ಇದನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಸಾಲನ್ನೂ ಲಾಟರಿಯನ್ನೂ ಜೊತೆಗೂಡಿಸಿದ ಒಂದು ಪದ್ಧತಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯದಲ್ಲಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಬ್ಯಾಸ್ಕೆಟ್‌ಬಾಲ್ ಆಟವನ್ನು ೧೮೯೧ರಲ್ಲಿ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅವರು ಮುಂದೆ ಉಪಾಧ್ಯಾಯರಾಗಿದ್ದದ್ದು ಅಲ್ಲಿಯೇ. ಆ ತಂಡದ ಮೊದಲ ತರಬೇತುದಾರರೂ ಅವರೇ. ಅಲ್ಲಿಯ ಆಟದ ಮಂದಿರ ೧೯೫೫ರಲ್ಲಿ ತೆರೆದದ್ದು. ಪಂದ್ಯಕ್ಕೆ ಮುಂಚಿನ ದಿನಗಳಲ್ಲಿ ಸ್ನೇಹಿತರು ಗುಂಪು ಕಟ್ಟಿ ಹೆಸರು ಕೊಡುತ್ತಾರೆ. ಬೆಳಗ್ಗೆ ಚೀಟಿ ಎತ್ತಿ ಗುಂಪುಗಳ ಕ್ರಮ ಗೊತ್ತುಮಾಡುತ್ತಾರೆ. ಆಮೇಲೆ ಹಗಲೆಲ್ಲ ಗುಂಪಿನಲ್ಲಿ ಯಾರಾದರೊಬ್ಬರು ಅಲ್ಲಿ ಕುಳಿತಿರಬೇಕು. ಕೂಗಿದಾಗ ಓ ಎನ್ನಬೇಕು. ಒಬ್ಬನಿಗೆ ತರಗತಿಯಿದ್ದರೆ ಇನ್ನೊಬ್ಬ ಕೂಡುತ್ತಾನೆ, ಅವನಿಗೆ ಕೆಲಸವಿದ್ದರೆ ಮತ್ತೊಬ್ಬ. ರಾತ್ರಿ ಎಲ್ಲರೂ ಹೋಗಿ ಅವರವರ ಹಾಸಿಗೆಯಲ್ಲಿ ಮಲಗುತ್ತಾರೆ. ಹೊತ್ತಿನ ಭಾರವನ್ನು ಹಂಚಿಕೊಂಡರು, ಅದೃಷ್ಟಕ್ಕೂ ಒಂದು ಪಾಲು ಕೊಟ್ಟರು, ಚಳಿಗೆ ಯಾರನ್ನೂ ಒಪ್ಪಿಸಲಿಲ್ಲ. ಗದ್ದೆಗೆ ನೀರು ಹಾಯಿಸುವ ಸರದಿಯನ್ನು ಹಂಚಿಕೊಂಡು ಬಾಳಿದ ನಮ್ಮ ಕೆರೆಯ ಕೆಳಗಿನ ರೈತರಿಗೆ ಈ ಕ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಪ್ರಶ್ನೆ ಉಳಿಯಿತು. ಹೀಗೆ ನ್ಯಾಯವಾಗಿ ಹಂಚಿದ ಟಿಕೆಟ್ಟನ್ನು ಪಡೆದವನು ಮಾರಿಕೊಂಡರೆ? ಆಗ ತಪಸ್ಸೂ ದೈವವೂ ಹಿಂಬಾಗಿಲಿನಿಂದ ಸಂತೆಗೇ ಬಂದಂತಾಯಿತು. ಇದಕ್ಕೆ ಉಪಾಯ ಟಿಕೆಟ್ಟನ್ನು ಆಳಿಗೆ ಕಟ್ಟುವುದು. ನಮ್ಮ ರೈಲ್ವೆಯವರು ೨೦೨೫ರ ಜುಲೈಯಿಂದ ಅಂತರ್ಜಾಲದ ತತ್ಕಾಲ್ ಟಿಕೆಟ್ಟಿಗೆ ಆಧಾರ್ ಬೇಕೆಂದದ್ದು ಇಂಥದೇ ಉಪಾಯ. ಡ್ಯೂಕಿನಲ್ಲಿ ಗುಡಾರದ ವಿದ್ಯಾರ್ಥಿಯ ಕೈಯಲ್ಲಿ ಮಾರುವಂಥ ಕಾಗದವೇ ಇರುವುದಿಲ್ಲ. ಅವನೇ ಬರಬೇಕು, ಗುರುತಿನ ಚೀಟಿ ತೋರಿಸಬೇಕು, ಒಳಗೆ ಹೋಗಬೇಕು.

೨೦೨೦–೨೧ರ ಋತುವಿನಲ್ಲಿ ಕೋವಿಡ್ ವ್ಯಾಧಿಯ ಕಾರಣ ಡ್ಯೂಕಿನ ಹಲಗೆಗಳು ಖಾಲಿ ಉಳಿದವು, ಗುಡಾರಗಳೂ ಏಳಲಿಲ್ಲ. ಮರುವರ್ಷ ಮತ್ತೆ ಎದ್ದವು. ೨೦೨೨ರ ಮಾರ್ಚ್ ೫ರಂದು ಶಶೆಫ್‌ಸ್ಕಿಯವರು ತಮ್ಮ ಊರಿನ ಅಂಕಣದಲ್ಲಿ ಕೊನೆಯ ಬಾರಿಗೆ ತಂಡವನ್ನು ನಡೆಸಿದರು, ಎದುರಿಗೆ ಅದೇ ಚಾಪೆಲ್ ಹಿಲ್ಲಿನ ತಂಡ. ಮೇಲಂತಸ್ತಿನ ಆಸನಗಳನ್ನು ಕೈಯಿಂದ ಕೈಗೆ ಮಾರಿದವರು ಒಂದೊಂದಕ್ಕೆ ಸಾವಿರಾರು ಡಾಲರು ಎಣಿಸಿಕೊಂಡರು. ಕೆಳಗೆ ಅಂಕಣದ ಅಂಚಿನಲ್ಲಿ, ಮೈಗೆಲ್ಲ ನೀಲಿ ಬಳಿದುಕೊಂಡು, ಒಂದು ಡಾಲರೂ ಕೊಡದೆ ನಿಂತಿದ್ದವರು ಗುಡಾರಗಳಿಂದ ಬಂದ ವಿದ್ಯಾರ್ಥಿಗಳು. ಚಾಪೆಲ್ ಹಿಲ್ ೯೪, ಡ್ಯೂಕ್ ೮೧.